ಪೆನ್ಸಿಲಜ್ಜ ಬಿಟ್ಟ ಜಾಗ

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ವಿಶ್ವದ ನಕ್ಷೆ ಬರೆದೂ ಬರೆದೂ ಪೆನ್ಸಿಲಜ್ಜ ಹೆಬ್ಬೆರಳಿನಷ್ಟೇ ಉಳಿದಿದ್ದ. ಒಂದು ಗ್ಯಾಲಕ್ಸಿಯ ದೂರ ಅಳೆದಾದ ಮೇಲೆ ಒಂದು ಚುಕ್ಕಿ. ಅಳೆಯದೆ ಚುಕ್ಕಿ ಇಡುವುದಿಲ್ಲ ಎಂಬುದು ಅವನ ವ್ರತ. ಲಕ್ಷಾಂತರ ಚುಕ್ಕಿಗಳು ಸೇರಿ ಜೇಡರ ಬಲೆಯಂತೆ ಎಳೆ ಎಳೆಯಾಗಿ ಹರಡಿದ್ದವು. ನಡುವಿನ ಒಂದು ಪಟ್ಟಿ ಮಾತ್ರ ಖಾಲಿ. ನಮ್ಮದೇ ಆಕಾಶಗಂಗೆಯ ಧೂಳು ಅಡ್ಡ ಬಂದು ಅದರಾಚೆ ಏನೂ ಕಾಣುತ್ತಿರಲಿಲ್ಲ.

ಮಸಿ ಪೆನ್ನು ಬಂದು ಹೇಳಿತು: "ಅಜ್ಜಾ, ನಾಳೆ ನಕ್ಷೆ ಗೋಡೆಗೇರಬೇಕು. ಈ ಕಡೆಯ ಎಳೆ ಪಟ್ಟಿಯ ಅಂಚಿಗೆ ಬಂದು ನಿಂತಿದೆ, ಆ ಕಡೆಯದೂ ಹಾಗೇ. ಎರಡನ್ನೂ ಸೇರಿಸಿಬಿಡುತ್ತೇನೆ. ಹೋಗಿ ನೋಡುವವರು ಯಾರು?"

"ನೋಡದ್ದನ್ನು ಬರೆಯಕೂಡದು."

"ಹಾಗಾದರೆ ಅಲ್ಲಿ ಏನೂ ಇಲ್ಲ ಅಂತಲಾದರೂ ಬರೆ."

"ಅದನ್ನೂ ನೋಡಿಲ್ಲವಲ್ಲ."

"ನಿನ್ನ ಸೀಸ ಮುಗಿಯುತ್ತ ಬಂತು. ಆಮೇಲೆ ನಕ್ಷೆ ನನ್ನ ಪಾಲಿಗೇ!"

ಅಜ್ಜ ಉಳಿದ ಸೀಸವನ್ನೆಲ್ಲ ಒತ್ತಿ, ಪಟ್ಟಿಯ ಉದ್ದಕ್ಕೂ 'ಇಲ್ಲಿ ಇನ್ನೂ ನೋಡಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದ. ಅಲ್ಲಿಗೆ ಅವನ ಆಯಸ್ಸು ಮುಗಿಯಿತು. ಗೆರೆ ಎಳೆಯಲು ಪೆನ್ನಿಗೆ ಜಾಗವೇ ಉಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಧೂಳನ್ನು ತೂರಿ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ, ಬಟ್ಟಲಿನಂಥ ದೂರದರ್ಶಕವೊಂದು ಬೆಟ್ಟಕ್ಕೆ ಬಂತು.

"ಮೊದಲು ಎತ್ತ ತಿರುಗಲಿ?" ಎಂದು ಕೇಳಿತು. ಅದಕ್ಕೆ ಉತ್ತರ, ಗೋಡೆಯ ಮೇಲಿನ ನಕ್ಷೆಯಲ್ಲಿ ಬರೆದೇ ಇತ್ತು.

ತಿರುಗಿ ನೋಡಿದರೆ, ಎರಡು ಎಳೆಗಳೂ ಅಲ್ಲಿ ಸೇರಿರಲೇ ಇಲ್ಲ. ಒಂದೊಂದು ಒಂದೊಂದು ದಿಕ್ಕಿಗೆ ಹೊರಳಿದ್ದವು. ಮಸಿ ಪೆನ್ನು ಸದ್ದಿಲ್ಲದೆ ಮುಚ್ಚಳ ಹಾಕಿಕೊಂಡಿತು.