ಗದ್ದೆಪ್ಪನ ದನಿ

"ಒತ್ತಿದ್ರ ಕಿವುಡ, ಎತ್ತಿದ್ರ ಮೂಗ. ಯಾರು ಹೇಳು?"

ಹೊಳೆದಂಡೆಯ ಮಠದ ಅಜ್ಜಾರು, ಕಸಬರಿಗೆ ಹಿಡಿದು ನಿಂತಿದ್ದ ಶಿಷ್ಯನಿಗೆ ಕೇಳಿದ ಒಗಟು ಇದು.

ನೀವು ತಲೆ ಕೆರೆದುಕೊಳ್ಳಬೇಡಿ, ಬರೋದಿಲ್ಲ. ಶಿಷ್ಯನಿಗೂ ಬರಲಿಲ್ಲ. ಆದರೆ ಬರೋದಿಲ್ಲ ಅಂತ ಬಾಯಿ ಮುಚ್ಚಿಕೊಂಡು ಕೂರುವ ಪೈಕಿ ಅವನಲ್ಲ.

"ನಮ್ಮ ಒಂಬತ್ತನೇ ಇಯತ್ತೆ ಮಾಸ್ತರ್ರಿ," ಅಂದ. "ಪ್ರಶ್ನಿ ಕೇಳಿದ್ರ ಕಿವುಡ, ಉತ್ತರ ಕೇಳಿದ್ರ ಮೂಗ."

"ಅಲ್ಲ."

"ಮಠದ ಬೋರಿನ ಪಂಪು?"

"ಅಲ್ಲ."

"ಹಂಗಾದ್ರ ನೀವ ರೀ. ಕಾಲು ಒತ್ತಿದ್ರ ಕಿವುಡ, ಊಟದ ತಾಟು ಎತ್ತಿದ್ರ ಮೂಗ."

ಅಜ್ಜಾರು ನಕ್ಕರು. "ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಐತಿ, ಹೆಬ್ಬೆಟ್ಟ. ಅದನ್ನೊಮ್ಮಿ ಕೊಟ್ಟು ನೋಡು."

"ಅದನ್ನ ಸಾಲ್ಯಾಗ ಭಾಳ ಸಲ ಕೊಟ್ಟೀನ್ರಿ. ಪಾಸ್ ಮಾಡ್ಲಿಲ್ಲ."

ಹುಡುಗನ ಹೆಸರು ಮೌನೇಶ. ಹೆಸರಿಟ್ಟವರಿಗೆ ಮುಂದಿನದು ಕಾಣಲಿಲ್ಲ, ಅಷ್ಟೇ. ಸಹಿ ಹಾಕಲಿಕ್ಕೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅಜ್ಜಾರು ಹೆಬ್ಬೆಟ್ಟ ಅಂತಲೇ ಕರೆಯುತ್ತಿದ್ದರು.

ಅವನ ಗಂಟಲಲ್ಲಿ ಅರ್ಧ ಊರೇ ಇತ್ತು. ಕಾಗೆ, ಕತ್ತೆ, ತಹಶೀಲ್ದಾರರು, ನಿದ್ದೆಯಲ್ಲಿ ಗೊರಕೆ ಹೊಡೆಯುವ ಅಜ್ಜಾರು. ಎಲ್ಲಕ್ಕಿಂತ ಚಂದ ಬರುತ್ತಿದ್ದದ್ದು ಅಂಬಿಗರ ಗದ್ದೆಪ್ಪನ ದನಿ. ಬೀಡಿಗೆ ಒಡೆದ ಗಂಟಲು, ಮಾತಿಗೆ ಮೊದಲೊಂದು ಕೆಮ್ಮು, ಆಮೇಲೆ ಎಳೆದೆಳೆದು, "ಆರಾಮ ಅದೀವ್ರೀ..."

ಮನೆ ಬಿಟ್ಟು ಓಡಿ ಬಂದ ದಿನ ಮೌನೇಶನನ್ನು ಹರಿಗೋಲಿನಲ್ಲಿ ಕೂರಿಸಿ ಈ ಮಠಕ್ಕೆ ತಂದುಬಿಟ್ಟವನು ಇದೇ ಗದ್ದೆಪ್ಪ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಿರಲಿಲ್ಲ. ಇಳಿಯುವಾಗ ಮಾತ್ರ ಒಂದು ಪೇರಲಹಣ್ಣು ಕೈಗಿಟ್ಟಿದ್ದ.

ಆ ವರ್ಷ ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರು. ಹೊಳೆ ಹೊಲದ ಮೇಲೆ ಹತ್ತಿತು, ಆಮೇಲೆ ಊರಿನ ಮೇಲೆ.

ಮಠದ ದಿಬ್ಬಕ್ಕೆ ಮಾತ್ರ ನೀರು ಬರಲಿಲ್ಲ. ಅಗ್ನಿಶಾಮಕದವರು ಬಂದು ಅಲ್ಲೊಂದು ವಯರ್ಲೆಸ್ ಸೆಟ್ಟು ಇಟ್ಟರು. ಕೆಂಪು ದೀಪದ ಒಂದು ಕರಿ ಪೆಟ್ಟಿಗೆ, ಅದಕ್ಕೆ ಸುರುಳಿ ವಯರಿನ, ಒತ್ತುಗುಂಡಿ ಇದ್ದ ಮೈಕು.

"ದೂರದವರ ದನಿ ಒಮ್ಮೊಮ್ಮೆ ನಮ್ಮ ಕಂಟ್ರೋಲ್ ರೂಮಿಗೆ ಮುಟ್ಟೋದಿಲ್ಲ ಅಜ್ಜಾರೆ," ಅಂದರು. "ದಿಬ್ಬದ ಮೇಲೆ ಕೇಳುತ್ತೆ. ಕೇಳಿದ್ದನ್ನು ನಮಗೆ ಮುಟ್ಟಿಸಿ. ಕರೆಂಟಿಲ್ಲ, ಬ್ಯಾಟರಿ ಮೇಲೆ ನಡೆಯೋದು. ಕೇಳಿದರೆ ಅಷ್ಟೇನೂ ಖರ್ಚಾಗೋದಿಲ್ಲ, ಮಾತಾಡಿದರೆ ಬೇಗ ಖಾಲಿ."

ಅಜ್ಜಾರು ಪೆಟ್ಟಿಗೆ ಮುಂದೆ ಚಾಪೆ ಹಾಸಿ ಕುಳಿತರು. ಮೌನೇಶನೂ ಕುಳಿತ. ಕುಳಿತ ಅಂದರೆ ಎದ್ದ, ಕುಳಿತ, ಎದ್ದ.

ಪೆಟ್ಟಿಗೆ ಖರ್ರ್ ಅನ್ನುತ್ತಿತ್ತು.

"ಇದರಾಗ ಏನೈತ್ರಿ ಅಜ್ಜಾರ? ಬರೇ ಅವಲಕ್ಕಿ ಹುರದಂಗ ಕೇಳಸ್ತೈತಿ."

"ಕೇಳು."

"ಎಲ್ಲೀತನಕ?"

"ಮುಗಿಯೋತನಕ."

"ಏನು ಮುಗಿಯೋತನಕ?"

"ನೀನು."

ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಹೆಣ್ಣುದನಿ ಬಂತು. ಕಂಟ್ರೋಲ್ ರೂಮಿನವಳು. ಸೇತುವೆ, ಶಾಲೆ, ನಡುಗಡ್ಡೆ ಅಂತ ಒಂದೊಂದು ಕಡೆಯವರನ್ನೇ ಕರೆದು ವಿಚಾರಿಸುತ್ತಿದ್ದಳು.

"ಸೇತುವೆ, ಸೇತುವೆ, ಕಂಟ್ರೋಲ್ ಕರ್ಯಾಕತ್ತೈತಿ. ಓವರ್."

"ಸೇತುವೆ. ನೀರು ಇನ್ನೂ ಏರಾಕತ್ತೈತ್ರಿ. ಮಂದಿ ಆರಾಮ. ಓವರ್."

"ಸಾಲಿ, ಸಾಲಿ. ಓವರ್."

"ಸಾಲಿ. ಕೆಳಗಿನ ಖೋಲಿಗೆ ನೀರು ಹೊಕ್ಕೈತಿ, ಮಂದಿನ ಮಾಳಿಗಿಗೆ ಹತ್ತಿಸೇವಿ. ಕತ್ತಲಾಗೂದ್ರಾಗ ಬೋಟು ಬೇಕ್ರಿ. ಓವರ್."

"ನಡುಗಡ್ಡಿ, ನಡುಗಡ್ಡಿ. ಓವರ್."

ಕೆಮ್ಮು. ಆಮೇಲೆ, "ನಡುಗಡ್ಡೀ... ಆರಾಮ ಅದೀವ್ರೀ... ಓವರ್."

ಮೌನೇಶ ಜಿಗಿದು ಕುಳಿತ. "ಗದ್ದೆಪ್ಪಣ್ಣ!"

ಹೊಳೆಯ ನಡುವಿನ ಗಡ್ಡೆಯಲ್ಲಿ ಕೆಲವು ಕುರುಬರ ಮನೆತನ ಕುರಿ ಬಿಟ್ಟು ಬರೋದಿಲ್ಲ ಅಂತ ಹಟ ಹಿಡಿದಿದ್ದವು. ಅವರನ್ನು ಒಪ್ಪಿಸಿ ಕರೆತರಲು ಗದ್ದೆಪ್ಪ ಹರಿಗೋಲು ಹಾಕಿಕೊಂಡು ಹೋಗಿದ್ದ. ಕೈಯಲ್ಲಿ ಅಗ್ನಿಶಾಮಕದವರು ಕೊಟ್ಟ ವಾಕಿಟಾಕಿ. ಅವರು ಒಪ್ಪುವಷ್ಟರಲ್ಲಿ ಸೆಳವು ಏರಿತ್ತು, ಹರಿಗೋಲು ತಿರುಗಿ ಬರುವ ಹಾಗಿರಲಿಲ್ಲ.

"ಅಜ್ಜಾರ, ಮಾತು ಮಾತಿಗೂ ಓವರ್ ಅಂತಾರಲ್ರಿ. ಏನು ಮುಗೀತು?"

"ಮುಗಿದದ್ದು ಅವರ ಮಾತು. ಇನ್ನ ಸುರುವಾಗೋದು ಅವರ ಕಿವಿ."

ಮುಂದಿನ ಸುತ್ತು ಬಂತು. ಸೇತುವೆ ಮಾತಾಡಿತು, ಸಾಲಿ ಮಾತಾಡಿತು.

"ನಡುಗಡ್ಡಿ, ನಡುಗಡ್ಡಿ. ಓವರ್."

ಖರ್ರ್.

"ನಡುಗಡ್ಡಿ, ಕೇಳಸ್ತೈತೇನು? ಓವರ್."

ಖರ್ರ್.

"ಮಠ, ಮಠ. ನಡುಗಡ್ಡಿ ದನಿ ನಿಮಗೇನರ ಕೇಳಸ್ತೇನ್ರಿ? ಓವರ್."

ಅಜ್ಜಾರು ಮೈಕು ತೆಗೆದುಕೊಂಡರು. "ಇಲ್ಲ ತಾಯಿ. ಕೇಳಸ್ಲಿಲ್ಲ. ಓವರ್."

"ತಿಳೀತ್ರಿ. ಸಾಲಿಗೆ ಹೊಂಟ ಬೋಟನ್ನ ಮೊದಲು ನಡುಗಡ್ಡಿಗೆ ಕಳಸ್ತೀನಿ. ಓವರ್."

ಮೌನೇಶನಿಗೆ ಸಮಾಧಾನ ಆಗಲಿಲ್ಲ. "ಪಾಪ, ಅಕ್ಕಾರು ಎಷ್ಟು ಗಾಬರಿ ಆಗ್ಯಾರ. ಏನರ ಒಂದು ಧೈರ್ಯದ ಮಾತು ಹೇಳಬೇಕಿತ್ತಲ್ರಿ."

"ಹೇಳಿದ್ನಲ್ಲೊ."

"ಏನು ಹೇಳಿದ್ರಿ?"

"ಕೇಳಸ್ಲಿಲ್ಲ ಅಂತ."

ಅಡುಗೆಮನೆಯಲ್ಲಿ ನುಚ್ಚು ಕುದಿಯುತ್ತಿತ್ತು. ತಿರುವದೆ ಬಿಟ್ಟರೆ ತಳ ಹಿಡಿಯುತ್ತದೆ. ಅಜ್ಜಾರು ಎದ್ದರು.

"ಕೇಳ್ಕೋಂತ ಕುಂದ್ರು. ಮುಟ್ಟಬ್ಯಾಡ."

ಮೌನೇಶ ಒಬ್ಬನೇ ಉಳಿದ.

"ನಡುಗಡ್ಡಿ, ನಡುಗಡ್ಡಿ. ಓವರ್."

ಖರ್ರ್.

ಬೀಡಿ ಸೇದುತ್ತಾ ಕುಳಿತಿರಬೇಕು, ಅಂದುಕೊಂಡ ಮೌನೇಶ. ವಾಕಿಟಾಕಿ ಕುರಿಯ ಕೊರಳಿಗೆ ಕಟ್ಟಿ ಮಲಗಿರಬೇಕು. ಗದ್ದೆಪ್ಪಣ್ಣನಿಗೆ ನೀರು ಏನು ಮಾಡುತ್ತದೆ? ನೀರೇ ಅವನಿಗೆ ಹೆದರಬೇಕು.

"ನಡುಗಡ್ಡಿ, ನಡುಗಡ್ಡಿ. ಓವರ್."

ಖರ್ರ್.

ಆ ಖರ್ರ್ ಕೇಳಲಾರದೆ ಮೌನೇಶ ಕಿವಿ ಮುಚ್ಚಿಕೊಂಡ. ಅದು ನಿಲ್ಲಬೇಕಾಗಿತ್ತು. ಹೇಗಾದರೂ ಸರಿ. ಕೈ ತಾನಾಗಿಯೇ ಮೈಕಿಗೆ ಹೋಯಿತು, ಗಂಟಲು ತಾನಾಗಿಯೇ ಒಡೆಯಿತು. ಒಂದು ಕೆಮ್ಮು ಕೆಮ್ಮಿದ.

"ನಡುಗಡ್ಡೀ... ಆರಾಮ ಅದೀವ್ರೀ... ಓವರ್."

ಅತ್ತ ಕಡೆ ಆ ಹೆಣ್ಣುದನಿ ನಕ್ಕಿತು. ಬೆಳಗಿನಿಂದ ಮೊದಲ ಸಲ.

"ಏ ಗದ್ದೆಪ್ಪಣ್ಣ, ಜೀವಾನ ಹೋಗಿತ್ತಲ್ಲೊ! ಆರಾಮ ಅದೀರಂದ್ರ ಬೋಟು ಹೊಳ್ಳಿಸಿ ಸಾಲಿಗೆ ಕಳಸ್ತೀನಿ. ನಿಮ್ಮ ಕಡೆ ಮುಂಜಾನಿ ಬರ್ತೈತಿ. ಓವರ್."

ಮೌನೇಶನೂ ನಗುತ್ತಿದ್ದ. ಮಾತು ತಲೆಗೆ ಹತ್ತಿದ ಮೇಲೆ ನಗು ಬಾಯಲ್ಲೇ ಉಳಿಯಿತು, ಉಗುಳಲೂ ಬಾರದು, ನುಂಗಲೂ ಬಾರದು.

ಅಡುಗೆಮನೆಗೆ ಓಡಿದ.

"ಅಜ್ಜಾರ! ಬೋಟು ಹೊಳ್ತು!"

"ಯಾಕ?"

"ಗದ್ದೆಪ್ಪಣ್ಣ ಆರಾಮ ಅದೀನಿ ಅಂದ."

"ಒಳ್ಳೇದಾತಲ್ಲ."

"ಅಂದಾಂವ ನಾನ್ರಿ."

ಅಜ್ಜಾರು ಬೈಯಲಿಲ್ಲ. ಸೌಟು ಗಡಿಗೆಯಲ್ಲೇ ಬಿಟ್ಟು ಬಂದು, ಮೈಕು ಎತ್ತಿ ಅವನ ಕೈಗೆ ಕೊಟ್ಟರು.

"ಹೇಳು."

"ಯಾರ ದನೀಲೆ ಹೇಳ್ಲಿ?"

"ನಿಂದು ಯಾವುದರ ಇದ್ರ, ಅದರಲೆ."

ಮೌನೇಶ ಗುಂಡಿ ಒತ್ತಿದ. ಬಂದ ದನಿ ಅವನಿಗೇ ಗುರುತು ಸಿಗಲಿಲ್ಲ, ತೆಳ್ಳಗೆ, ಹರಿದ ಕಾಗದದ ಹಾಗೆ.

"ಅಕ್ಕಾರ, ನಾ ಮಠದ ಮೌನೇಶ. ಆವಾಗ ಮಾತಾಡಿದ್ದು ಗದ್ದೆಪ್ಪಣ್ಣ ಅಲ್ಲರಿ, ನಾನು. ನಡುಗಡ್ಡಿಯಿಂದ ಯಾರೂ ಮಾತಾಡಿಲ್ಲ. ಬೋಟು ಹೊಳ್ಳಸಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ನಾ ಚ್ಯಾಷ್ಟಿ ಮಾಡಾಕ ಮಾಡ್ಲಿಲ್ಲರಿ, ಅಂದ್ರ ಮಾಡಿದೆ, ಆದ್ರ ಹಂಗಲ್ಲ, ಅಂವ ನನಗ ಪೇರಲಹಣ್ಣು ಕೊಟ್ಟಿದ್ದ..."

ಒತ್ತಿ ಹಿಡಿದೇ ಇದ್ದ. ಮಾತು ನಿಲ್ಲಿಸಿದರೆ ಏನು ಕೇಳಬೇಕಾಗುತ್ತದೋ ಅಂತ ಭಯ.

"ಹೆಬ್ಬೆಟ್ಟು ತಗಿ," ಅಂದರು ಅಜ್ಜಾರು.

"ಹೌದ್ರಿ, ಹೆಬ್ಬೆಟ್ಟ ನಾನು," ಅಂತ ಮೈಕಿಗೇ ಹೇಳಿದ ಮೌನೇಶ. "ಅಜ್ಜಾರು ಹೇಳೂದು ಖರೇನ ಐತ್ರಿ ಅಕ್ಕಾರ, ನಾ ಶುದ್ಧ ಹೆಬ್ಬೆಟ್ಟು, ನನ್ನಂಥಾವನ ಕೈಯಾಗ..."

"ನಿನಗ ಬೈಯಾಕತ್ತಿಲ್ಲೋ. ಬೆರಳು! ಗುಂಡಿ ಮ್ಯಾಲಿನ ಬೆರಳು ತಗಿ!"

ಮೌನೇಶ ಬೆರಳು ಎತ್ತಿದ.

ಟಕ್.

"...ಮಠ, ಮಠ, ಮೊದಲು ಲೈನ್ ಬಿಡ್ರಿ! ಯಾರಿಗೂ ಮಾತಾಡಾಕ ಆಗವಲ್ದು! ಲೈನ್ ಬಿಡ್ರಿ! ಓವರ್."

ಮೌನೇಶ ತನ್ನ ಹೆಬ್ಬೆರಳನ್ನು ನೋಡಿದ. ಅದು ಬೆಳ್ಳಗಾಗಿತ್ತು.

"ನಾ ಒತ್ತಿ ಹಿಡಿದಾಗ ಗದ್ದೆಪ್ಪಣ್ಣ ಕರದಿದ್ರ..."

"ಕರದಿದ್ರ?"

"ಯಾರಿಗೂ ಕೇಳಸ್ತಿರ್ಲಿಲ್ಲ."

"ಹೂಂ."

"ಕರದಿದ್ದನೇನ್ರಿ?"

"ಗೊತ್ತಿಲ್ಲ."

ಪೆಟ್ಟಿಗೆಯಲ್ಲಿ ದನಿ ಮತ್ತೆ ಬಂತು, ಈಗ ಮೊದಲಿನಂತೆ ನಿಧಾನ. "ಮಠ, ನಿಮ್ಮ ಮಾತು ತಿಳೀತು. ಬೋಟನ್ನ ನಡುಗಡ್ಡಿಗೆ ತಿರುಗಿಸೇನಿ. ಇನ್ನ ಸುಮ್ನಿರ್ರಿ. ಓವರ್."

ಉತ್ತರ ಕೊಡಲು ಮೌನೇಶನ ಬೆರಳು ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ವಾಪಸು ಬಂತು.

"ಒತ್ತಿದ್ರ ಕಿವುಡ," ಅಂತ ತನ್ನಷ್ಟಕ್ಕೆ ಗೊಣಗಿದ. "ಎತ್ತಿದ್ರ ಮೂಗ. ಮೈಕು ಅಲ್ರೀ ಅಜ್ಜಾರ?"

"ಮೈಕಿಗೆ ಕಿವಿ ಎಲ್ಲೈತೊ?"

ಮೌನೇಶ ಮೈಕು ಕೆಳಗಿಟ್ಟು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಚಾಪೆಯ ಮೇಲೆ ಕುಳಿತ. ಈ ಸಲ ಏಳಲಿಲ್ಲ.

"ನಡುಗಡ್ಡಿ, ನಡುಗಡ್ಡಿ. ಓವರ್."

ಖರ್ರ್.

"ನಡುಗಡ್ಡಿ, ಬೋಟು ಬರಾಕತ್ತೈತಿ. ಕೇಳಸಿದ್ರ ಹೇಳ್ರಿ. ಓವರ್."

ಖರ್ರ್.

ಹೀಗೇ ಬಹಳ ಹೊತ್ತು. ಹೊರಗೆ ಹೊಳೆ ತನ್ನ ಪಾಡಿಗೆ ಹೋಗುತ್ತಿತ್ತು.

"ಅಕ್ಕಾರಿಗೆ ಒಂಚೂರೂ ಅಂಜಿಕಿ ಇದ್ದಂಗಿಲ್ಲರಿ," ಅಂದ ಮೌನೇಶ. "ಎಲ್ಲಾ ಸಲ ಒಂದ ದನಿ."

"ನೀ ದನಿ ಹಿಡಿಯೂದ್ರಾಗ ಶ್ಯಾಣ್ಯಾ. ಇನ್ನೊಮ್ಮಿ ಕೇಳು."

ಮೌನೇಶ ಕಣ್ಣು ಮುಚ್ಚಿದ.

"ನಡುಗಡ್ಡಿ, ನಡುಗಡ್ಡಿ. ಓವರ್."

"ಓವರ್ ಅಂದ ಮ್ಯಾಲ ಟಕ್ ಅನ್ನೂದು ತಡಾ ಆಗ್ತೈತ್ರಿ," ಅಂದ ಮೆಲ್ಲಗೆ. "ಸೇತುವಿ ಕರದಾಗ ಹಂಗಿಲ್ಲ. ನಡುಗಡ್ಡಿ ಕರದಾಗಷ್ಟ. ಆ ಬೆರಳು ಎತ್ತಾಕ ಅವರೂ ಅಂಜತಾರ."

"ಆದ್ರ?"

"ಎತ್ತತಾರ."

ಅಜ್ಜಾರು ತಲೆದೂಗಿದರು.

ಪೆಟ್ಟಿಗೆಯ ಕೆಂಪು ದೀಪ ಮಂಕಾಯಿತು. ಒಳಗೆ ಏನೋ ಕೀಂ ಕೀಂ ಅನ್ನತೊಡಗಿತು. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಯಾರು ಮಾತಾಡಿ ಖಾಲಿ ಮಾಡಿದ್ದು ಅಂತ ಇಬ್ಬರೂ ಹೇಳಲಿಲ್ಲ.

ಆಗ ಮೋಟಾರಿನ ಸದ್ದಿನೊಂದಿಗೆ ಹೊಸ ದನಿ ಬಂತು.

"ಕಂಟ್ರೋಲ್, ಬೋಟ್ ಮಾತಾಡಾಕತ್ತೀವಿ. ನಡುಗಡ್ಡಿ ಮುಟ್ಟೇವಿ. ನೆಲ ಎಲ್ಲಾ ಮುಣಗೈತಿ. ಬೇವಿನ ಗಿಡ ಒಂದ ಕಾಣಸ್ತೈತಿ. ಗಿಡದ ಮ್ಯಾಲ ಮಂದಿ..."

ದೀಪ ಆರಿತು. ಪೆಟ್ಟಿಗೆ ಸತ್ತಿತು.

ಮೌನೇಶ ಅದನ್ನು ತಟ್ಟಿದ, ಅಲುಗಿಸಿದ, ಕಿವಿಗೆ ಹಚ್ಚಿದ. ಖರ್ರ್ ಕೂಡ ಇರಲಿಲ್ಲ. ಈಗ ಅದಾದರೂ ಇರಬಾರದಿತ್ತೇ ಅನ್ನಿಸಿತು.

"ಮಂದಿ ಅದಾರ ಅನ್ನಾಕ ಹೊಂಟಿದ್ರೋ, ಮಂದಿ ಇಲ್ಲ ಅನ್ನಾಕ ಹೊಂಟಿದ್ರೋ?"

ಅಜ್ಜಾರು ಎದ್ದು ಅಡುಗೆಮನೆಗೆ ನಡೆದರು. ನುಚ್ಚು ತಳ ಹಿಡಿದಿತ್ತು. ಸುಟ್ಟದ್ದನ್ನು ಬಿಟ್ಟು ಮೇಲಿನದನ್ನು ಬೇರೆ ಗಡಿಗೆಗೆ ಹಾಕುತ್ತಾ ಹೇಳತೊಡಗಿದರು.

"ಅದಾರ. ಗದ್ದೆಪ್ಪ ಎಲ್ಲಾರಿಗಿಂತ ಕೆಳಗಿನ ಟೊಂಗಿ ಮ್ಯಾಲ ಕುಂತಾನ, ಕಾಲು ನೀರಾಗ ಬಿಟ್ಟು. ವಾಕಿಟಾಕಿ ಹೊಳಿ ಪಾಲಾಗೈತಿ, ಅದಕ್ಕ ಮಾತಿಲ್ಲ. ಬೋಟಿನವರು ಹಗ್ಗ ಒಗದ್ರು. ಮೊದಲು ಕೂಸುಗಳು ಇಳದ್ವು, ಆಮ್ಯಾಲ ಹೆಣಮಕ್ಕಳು. ಒಬ್ಬ ಮುದುಕ ಕುರಿಮರಿ ಬಿಟ್ಟು ಇಳ್ಯಾಂಗಿಲ್ಲ ಅಂತ ಕುಂತ. ಮರೀನೂ ಇಳಿಸಿದ್ರು. ಕಡೀಕ ಗದ್ದೆಪ್ಪ ಇಳದ. ಕುಂತು, ಕೆಮ್ಮಿ, ಬೋಟು ನಡಸಾಂವಗ ಏನಂದ ಗೊತ್ತೇನು? ಸರೀ ಆಕಡೆ, ನಿನಗ ನಡಸಾಕ ಬರೂದಿಲ್ಲ ಅಂದ."

ಮೌನೇಶ ಗೊಳ್ಳನೆ ನಕ್ಕ. "ಹಂಗ ಅಂತಾನ್ರಿ ಅಂವ!"

"ಇನ್ನೊಂದು ಮಾತಂದ. ನನ್ನ ದನೀಲೆ ಯಾಂವೋ ಆರಾಮ ಅದೀನಿ ಅಂದಾನಂತ, ಮಠಕ್ಕ ಹೋಗಿ ಅವನ ಕಿವಿ ಹಿಂಡಬೇಕು ಅಂದ."

ಮೌನೇಶ ಕಿವಿ ಮುಟ್ಟಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು. "ಹಿಂಡ್ಲಿ ಬಿಡ್ರಿ. ಎರಡೂ ಹಿಂಡ್ಲಿ."

ಆಮೇಲೆ ತಟ್ಟನೆ ಅಜ್ಜಾರ ಕಡೆ ತಿರುಗಿದ.

"ಅಜ್ಜಾರ, ನೀವು ಇಲ್ಲೇ ಅದೀರಿ. ಸೆಟ್ಟು ಸತ್ತೈತಿ. ಇದೆಲ್ಲಾ ನಿಮಗ ಹ್ಯಾಂಗ ಗೊತ್ತಾತ್ರಿ?"

"ಗೊತ್ತಿಲ್ಲ," ಅಂದರು ಅಜ್ಜಾರು. "ಬೇವಿನ ಗಿಡದತನಕ ನಾವು ಕೇಳಿದ್ದು. ಅಲ್ಲಿಂದ ಮುಂದ ನಾ ಕಟ್ಟಿದ್ದು."

ಮೌನೇಶ ಕಿವಿಯಿಂದ ಕೈ ತೆಗೆದ.

ಅಜ್ಜಾರು ಗಡಿಗೆಯನ್ನು ಹೆಗಲಿಗೆ ಏರಿಸಿಕೊಂಡರು. "ನಡಿ. ಬೋಟು ಬಂದ್ರ ನಮ್ಮ ಕೆಳಗಿನ ಹೊಳಿ ಪಾವಟಿಗಿ ಮೆಟ್ಟಲಿಗೇ ಬರಬೇಕು. ಇಂದರ ಬರ್ಲಿ, ನಾಳೆರ ಬರ್ಲಿ. ನೀ ತಾಟು ತಗೊಂಡು ಬಾ."

ಮೂಲೆಯಲ್ಲಿ ತಾಟುಗಳ ಅಟ್ಟಿ ಇತ್ತು. ಮೌನೇಶ ಒಂದನ್ನು ತೆಗೆದ. ಇನ್ನೊಂದನ್ನು ತೆಗೆದ. ಮೂರನೆಯದರ ಮೇಲೆ ಕೈಯಿಟ್ಟು ತಡೆದ.

"ಅಜ್ಜಾರ, ಎಷ್ಟು ತಾಟು ತರ್ಲಿ?"

ಅಜ್ಜಾರು ಬಾಗಿಲಲ್ಲಿ ತಿರುಗಿದರು.

"ಬೇವಿನ ಗಿಡದಿಂದ ಮುಂದಿನ ಮಾತು ನಾ ಕಟ್ಟಿದ್ದು ಹೌದು. ತಾಟು ಮಾತ್ರ ಕಡಿಮಿ ತರಬ್ಯಾಡ."