ಹುಲಿಯ ಕಿವಿಯ ಹಿಂದಿನ ಸುಣ್ಣ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಕಾಗೆಗೆ ಒಂದಲ್ಲ ಒಂದು ದಿನ ಒಳ್ಳೆಯ ಕಂಠ ಬರುತ್ತದೆಂದು ಅದರ ತಾಯಿ ಇನ್ನೂ ನಂಬಿದ್ದಳು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಮೀನು ಮಾತ್ರ ಸುಮ್ಮನಿತ್ತು. ಅದರ ಬಾಯಿ ತುಂಬ ನೀರಲ್ಲವೇ ಕಂದ!

ಆ ಕಾಲದಲ್ಲಿ ಹುಲಿ ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಯಾರೇ ಬರಲಿ, ಎದುರಿಗೆ ಕೂತು ಮುಖ ಕೊಟ್ಟು ಮಾತಾಡುವುದು ಅದರ ರೀತಿ. ಹಾಗಾಗಿ ಹುಲಿಯ ಕಿವಿಯ ಹಿಂಭಾಗ ಹೇಗಿದೆಯೆಂದು ಯಾರೂ ಕಂಡಿರಲಿಲ್ಲ. ಅಲ್ಲಿ ಬರೀ ಕಪ್ಪು ಇತ್ತು.

ಕಾಡಿನ ಅಂಚಿನಲ್ಲಿ ಕೇತಿ ಎಂಬ ಹೆಂಗಸು ಇದ್ದಳು. ಬಯಲು ಸೀಮೆಯಿಂದ ಹುಲಿ ನೋಡಲು ಬರುವವರನ್ನು ಕಾಡಿಗೆ ಕರೆದುಕೊಂಡು ಹೋಗುವುದು ಅವಳ ಕೆಲಸ. ಅವಳಿಗಿದ್ದ ಒಂದೇ ಚಟ ಎಂದರೆ ವೀಳ್ಯ ಹಾಕುವುದು. ಸೊಂಟದಲ್ಲಿ ಸದಾ ಸುಣ್ಣದ ಕಾಯಿ, ಹೆಬ್ಬೆರಳ ತುದಿ ಯಾವಾಗಲೂ ಬೆಳ್ಳಗೆ. ಲೋಕವೇ ಹೊಸದಾಗಿದ್ದಾಗ ವೀಳ್ಯ ಎಲ್ಲಿಂದ ಬಂತು ಎಂದು ಕೇಳಬೇಡ. ಇತ್ತಂತೆ. ನಾನೇನು ಹೋಗಿ ನೋಡಿದ್ದೇನೆಯೇ?

ಕೇತಿಯ ಕಟ್ಟಳೆ ಗಟ್ಟಿಯಾಗಿತ್ತು. ಒಂದು ಸಲಕ್ಕೆ ಐದೇ ಜನ. ಆರನೆಯವರು ಅವಳ ಅಂಗಳದಲ್ಲಿ ಅಂಬಲಿ ಕುಡಿದುಕೊಂಡು ನಾಳೆಗೆ ಕಾಯಬೇಕು. ಹೊರಟ ಐವರೂ ಅವಳ ಹಿಂದೆ ಸಾಲಾಗಿ ನಡೆಯಬೇಕು. ಮುಡಿಗೆ ಹೂವಿಲ್ಲ, ಕೈಗೆ ಬಳೆಯಿಲ್ಲ, ಬಾಯಿಗೆ ಮಾತಿಲ್ಲ. ಹುಲಿ ಕಂಡರೆ ಭಾಗ್ಯ. ಕಾಣದಿದ್ದರೆ ಕಾಡಾದರೂ ಕಂಡಿತು ಎಂದುಕೊಂಡು ಊರಿಗೆ ಹೋಗಬೇಕು.

ಕಾಡಿನ ಬಾಯಲ್ಲೇ ಒಂದು ಚಪ್ಪಟೆ ಕಲ್ಲಿತ್ತು. ಒಳಗೆ ಹೋಗುವವರು ತಲೆಗೊಂದರಂತೆ ಮುತ್ತುಗದ ಎಲೆಯನ್ನು ಅದರ ಮೇಲೆ ಇಡಬೇಕು. ಗಾಳಿ ಎಲೆಗಳನ್ನು ಎಣಿಸಿಕೊಂಡು ಹುಲಿಯ ಹತ್ತಿರ ಓಡುತ್ತಿತ್ತು. ಐದು ಎಂದರೆ ಹುಲಿ ಎದ್ದು ಹೊಳೆಯ ದಂಡೆಗೆ ಬರುತ್ತಿತ್ತು. ಆರು ಎಂದರೆ ಬಿದಿರಿನ ನೆರಳಲ್ಲಿ ಮಗ್ಗುಲು ಬದಲಿಸಿ ಮಲಗುತ್ತಿತ್ತು.

ಆ ವರ್ಷ ಹುಲಿಯವ್ವ ಮೂರು ಮರಿ ಹಾಕಿದಳು. ಕಡೆಯದು ತೀರಾ ಚಿಕ್ಕದು, ಬಾಲದ ತುದಿ ಸೊಟ್ಟಗೆ, ಎಲ್ಲದಕ್ಕೂ ಅವಸರ.

"ಕೇತಿ, ನನ್ನ ಮಕ್ಕಳ ಮುಖ ಇನ್ನೂ ಯಾರೂ ಕಂಡಿಲ್ಲ. ದಂಡೆಗೆ ಕರ್ಕೊಂಡು ಬರ್ಲಾ?" ಎಂದು ಹುಲಿಯವ್ವ ಕೇಳಿದಳು.

"ಬಾರವ್ವ. ನಾನಿಲ್ವಾ?"

"ನನ್ನ ಬೆನ್ನಿಗೇನು ಕಣ್ಣಿದ್ದಾವಾ? ಮುಂದೆ ಎಷ್ಟು ಜನ ಅಂತ ನನಗೇ ಕಾಣ್ತದೆ. ಹಿಂದೆ ಎಷ್ಟು ಜನ ಅಂತ ನಿನ್ನ ಎಲೆ ಹೇಳಬೇಕು. ಅದನ್ನ ನಂಬಿಯೇ ಬತ್ತೀನಿ."

"ನಂಬು," ಎಂದಳು ಕೇತಿ. ಅಷ್ಟು ಸಲೀಸಾಗಿ ಅಂದುಬಿಟ್ಟಳು.

ಅದರ ಮರುದಿನವೇ ಅವಳ ತಂಗಿ ಬೊಮ್ಮಿ ಬಂದಳು. ಬೊಮ್ಮಿಯನ್ನು ಬಯಲು ಸೀಮೆಗೆ ಕೊಟ್ಟು ಐದು ವರ್ಷವಾಗಿತ್ತು. ಜೊತೆಗೆ ಅವಳ ಅತ್ತೆ, ಮಾವ, ನಾದಿನಿಯರು, ಅವರ ಮಕ್ಕಳು. ಕೇತಿ ಅಂಗಳದಲ್ಲಿ ನಿಂತು ಎಣಿಸಿದಳು. ಬೊಮ್ಮಿಯೂ ಸೇರಿ ಹನ್ನೊಂದು ಜನ.

"ಇವತ್ತು ಐದು ಜನ ಬನ್ನಿ. ನಾಳೆ ಐದು ಜನ. ಉಳಿದ ಒಬ್ರು ನಾಳಿದ್ದು," ಎಂದಳು ಕೇತಿ.

ಬೊಮ್ಮಿಯ ಅತ್ತೆ ಸೆರಗು ಸರಿಮಾಡಿಕೊಂಡು, "ನಾಳೆ ಬಿತ್ತನೆ ಐತಲ್ಲವ್ವ. ಇರಾಕಾಯ್ತದಾ? ಆಗ್ದಿದ್ರೆ ಬ್ಯಾಡ ಬಿಡು. ನಾವು ಬಂದ ದಾರೀಲೇ ಹೋಯ್ತೀವಿ," ಎಂದಳು.

ಬೊಮ್ಮಿ ಅಕ್ಕನನ್ನು ಗುಡಿಸಲ ಹಿಂದಕ್ಕೆ ಎಳೆದುಕೊಂಡು ಹೋದಳು. ಅವಳ ಕಣ್ಣಲ್ಲಿ ಆಗಲೇ ನೀರಾಡುತ್ತಿತ್ತು.

"ಅಕ್ಕಯ್ಯ, ನಮ್ಮಕ್ಕ ಹುಲಿ ತಾವ ಮಾತಾಡ್ತಾಳೆ ಅಂದ್ರೆ ಆ ಮನೇಲಿ ಎಲ್ಲಾ ನಗ್ತಾರೆ. ಕಾಡಿನ ಹುಡುಗಿ ಸುಳ್ಳು ಹೇಳ್ತದೆ ಅಂತಾರೆ. ಐದು ವರ್ಷ ಕೇಳಿಸ್ಕೊಂಡಿದೀನಿ. ಇದೊಂದು ದಿನ ನನ್ನ ಮಾನ ಉಳಿಸು. ಐದು ಜನ ಮುಂದೆ ಕೂತ್ಕೊತಾರೆ. ಮಿಕ್ಕೋರು ಮರದ ಮರೇಲಿ ನಿಂತಿರ್ತಾರೆ. ಹುಲಿಗೆ ಏನು ಗೊತ್ತಾಯ್ತದೆ?"

ಕೇತಿಯ ಬಾಯಿಗೆ 'ಬೇಡ' ಬಂದಿತ್ತು. ತಂಗಿಯ ಮುಖ ನೋಡಿ ನುಂಗಿಕೊಂಡಳು. ದಾಕ್ಷಿಣ್ಯ ಎನ್ನುವುದು ಹಾಗೇ ಕಂದ. ಮುಳ್ಳಿಗಿಂತ ಮೆತ್ತಗೆ ಚುಚ್ಚುತ್ತದೆ, ಒಳಗೇ ಉಳಿದುಬಿಡುತ್ತದೆ.

ಚಪ್ಪಟೆ ಕಲ್ಲಿನ ಮೇಲೆ ಕೇತಿ ಐದು ಎಲೆ ಇಟ್ಟಳು.

ಗಾಳಿ ಬಂದು ಎಲೆಗಳನ್ನು ಎಣಿಸಿತು. ಇನ್ನೊಂದು ಸಲ ಎಣಿಸಿತು.

"ಕೇತಿ, ಐದೇನಾ?"

"ಐದೇ."

"ನನ್ನ ಮೈಗೆ ತುಂಬ ಜನರ ಬೆವರು ತಾಗಿದ ಹಾಗಿದೆ."

"ಬಿಸಿಲು ಜಾಸ್ತಿ. ಬೆವರೂ ಜಾಸ್ತಿ. ನೀನು ಹೋಗು," ಎಂದಳು ಕೇತಿ. ಗಾಳಿಯ ಮುಖ ನೋಡಲಾಗದೆ ವೀಳ್ಯಕ್ಕೆ ಸುಣ್ಣ ಹಚ್ಚುತ್ತ ನಿಂತಳು.

ಗಾಳಿ ಹೋಯಿತು. ಎಲೆಯಲ್ಲಿ ಇದ್ದಷ್ಟನ್ನೇ ಹೇಳುವುದು ಅದರ ಧರ್ಮ. ಐದು ಎಂದು ಹೇಳಿತು.

ಹೊಳೆಯ ದಂಡೆಯಲ್ಲಿ ಮೊದಲಿಗೆ ಎಲ್ಲ ಚೆನ್ನಾಗಿತ್ತು. ಬೊಮ್ಮಿ, ಅವಳ ಮಾವ, ಮೂವರು ಮಕ್ಕಳು ಮುಂದೆ ಕೂತರು. ಬಿದಿರು ಸರಿಯಿತು. ಹುಲಿಯವ್ವ ಹೊರಗೆ ಬಂದಳು, ಹಿಂದೆ ಒಂದು ಮರಿ, ಅದರ ಹಿಂದೆ ಇನ್ನೊಂದು, ಆಮೇಲೆ ಅವಸರದಲ್ಲಿ ಎಡವಿಕೊಂಡು ಸೊಟ್ಟ ಬಾಲದ್ದು. ಹುಲಿಯವ್ವ ಎದುರಿಗೆ ಕೂತಳು. ಕೇತಿಯನ್ನು ನೋಡಿ ಕಣ್ಣು ಅರ್ಧ ಮುಚ್ಚಿದಳು. ಹುಲಿ ನಗುವುದು ಹಾಗೆ. ಮಗಳ ತೊಟ್ಟಿಲು ತೋರಿಸುವ ತಾಯಿಯ ಹಾಗೆ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಬೊಮ್ಮಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಸಂತೋಷಕ್ಕೆ.

ಇನ್ನು ಸ್ವಲ್ಪ ಹೊತ್ತು ಹಾಗೇ ಇದ್ದಿದ್ದರೆ!

ಮರದ ಮರೆಯಲ್ಲಿ ಆರು ಜನ ನಿಂತಿದ್ದರಲ್ಲ, ಅವರಿಗೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಕತ್ತು ನೀಡಿ ನೋಡಿದಳು. "ಇಲ್ಲಿಂದ ಕಾಣಾಕಿಲ್ಲ ಕಣ್ರೇ. ಆ ಕಡೆಯಿಂದ ಹೋಗಾನ ಬನ್ನಿ," ಎಂದು ಪಿಸುಗುಟ್ಟಿ ಹುಲ್ಲಿನೊಳಗೆ ಸುತ್ತು ಹಾಕಿದಳು. ಐವರೂ ಅವಳ ಹಿಂದೆ ಹೋದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅದನ್ನು ಹೇಳಲೇಬೇಕು.

ಅಷ್ಟರಲ್ಲಿ ಸೊಟ್ಟ ಬಾಲದ ಮರಿ ಒಂದು ಏಡಿಯ ಹಿಂದೆ ಬಿದ್ದು ನೀರಿನ ಅಂಚಿಗೆ ಹೋಗಿತ್ತು. ತಾಯಿಗೂ ಮರಿಗೂ ನಡುವೆ, ತಾಯಿಯ ಬೆನ್ನ ಹಿಂದೆ, ಹುಲ್ಲಿನಿಂದ ಆರು ಜನ ಎದ್ದು ನಿಂತರು.

"ಅಯ್ಯೋ, ಎಷ್ಟು ಮುದ್ದಾಗೈತೆ!" ಎಂದು ಅತ್ತೆ ಎರಡೂ ಕೈ ಚಾಚಿದಳು.

ಮರಿಗೆ ತಾಯಿ ಕಾಣಲಿಲ್ಲ. ಕಾಲುಗಳು ಕಂಡವು, ಕೈಗಳು ಕಂಡವು. ಹಿಂದೆ ಸರಿಯಿತು, ಇನ್ನೂ ಹಿಂದೆ ಸರಿಯಿತು, ಹೊಳೆಗೆ ಬಿತ್ತು.

"ನಿಲ್ಲು! ಹೊಳೆಯವ್ವಾ, ನಿಲ್ಲು!" ಎಂದು ಕೇತಿ ಕಿರುಚಿದಳು.

"ನನಗೆ ನಿಲ್ಲೋದು ಯಾರೂ ಕಲಿಸಿಲ್ಲ ಕೇತಿ," ಎಂದು ಹೊಳೆ ಅಳುತ್ತಲೇ ಹರಿಯಿತು. ಮೇಲಿನ ಬೆಟ್ಟದಲ್ಲಿ ಮಳೆಯಾಗಿತ್ತು, ನೀರು ಕೆಂಪಗೆ ತುಂಬಿತ್ತು. ಸೊಟ್ಟ ಬಾಲ ಒಂದು ಸಲ ಮೇಲೆ ಕಂಡಿತು. ತಿರುವಿನಾಚೆ ಹೋಯಿತು.

ಹುಲಿಯವ್ವ ಹೊಳೆಗೆ ಹಾರಿ ಹುಡುಕಿದಳು. ಮರಿ ಆಚೆ ದಡ ಹತ್ತಿ ಬಿದಿರಿನೊಳಗೆ ಹೋಯಿತೆಂದು ಬೆಳ್ಳಕ್ಕಿ ಹೇಳಿತು. ಆಚೆ ದಡದಲ್ಲಿ ಹುಲಿಯವ್ವ ಕೂಗಿದಳು. ಬಿದಿರು ಉತ್ತರ ಕೊಟ್ಟಿತು, ಮರಿ ಕೊಡಲಿಲ್ಲ. ಸಂಜೆಯ ಹೊತ್ತಿಗೆ ಅವಳು ಒಬ್ಬಳೇ ಈಚೆ ಬಂದಳು. ಬಯಲಿನವರೆಲ್ಲ ಎಂದೋ ಓಡಿಹೋಗಿದ್ದರು. ಕೇತಿ ಮಾತ್ರ ಉಳಿದ ಎರಡು ಮರಿಗಳ ಕಾವಲಿಗೆ ದಂಡೆಯಲ್ಲೇ ಇದ್ದಳು.

"ಎಷ್ಟು ಎಲೆ ಇಟ್ಟಿದ್ದೆ ಕೇತಿ?"

"ಐದು."

"ಎಷ್ಟು ಜನ ಇದ್ರು?"

"ಹನ್ನೊಂದು."

ಹುಲಿಯವ್ವ ಗರ್ಜಿಸಲಿಲ್ಲ. ಪಂಜ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿರುತ್ತಿತ್ತು ಎಂದು ಕೇತಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಹುಲಿಯವ್ವ ಎರಡು ಮರಿಗಳನ್ನು ಮುಂದೆ ಮಾಡಿಕೊಂಡಳು, ಕೇತಿಗೆ ಬೆನ್ನು ತಿರುಗಿಸಿದಳು, ನಡೆದುಬಿಟ್ಟಳು. ಲೋಕ ಹುಟ್ಟಿದ ಮೇಲೆ ಒಂದು ಹುಲಿ ಮನುಷ್ಯರಿಗೆ ಬೆನ್ನು ತೋರಿಸಿದ್ದು ಅದೇ ಮೊದಲು.

ಕೇತಿ ದಿನಾ ಚಪ್ಪಟೆ ಕಲ್ಲಿನ ಹತ್ತಿರ ಹೋಗಿ ಒಂದು ಎಲೆ ಇಡುತ್ತಿದ್ದಳು. "ಒಬ್ಬಳೇ ಬಂದಿದೀನಿ ಅಂತ ಹೇಳು," ಎಂದು ಗಾಳಿಯನ್ನು ಬೇಡುತ್ತಿದ್ದಳು.

"ನಿನ್ನ ಸುಳ್ಳು ಹೊತ್ತುಕೊಂಡು ಹೋದೆ. ಈಗ ನನ್ನ ನಿಜಕ್ಕೂ ಬೆಲೆಯಿಲ್ಲ," ಎಂದು ಗಾಳಿ ಎಲೆಯನ್ನು ಮುಟ್ಟದೆ ಹೋಗುತ್ತಿತ್ತು.

ಹೀಗೆ ಒಂದು ಮಳೆಗಾಲ ಕಳೆಯಿತು. ಕೇತಿ ಬಡಕಲಾದಳು. ಬೊಮ್ಮಿ ಬಂದು ಅಕ್ಕನ ಕಾಲು ಹಿಡಿದು ಅತ್ತು ಹೋದಳು. "ನೀನು ಕೇಳಿದ್ದು ತಪ್ಪಲ್ಲ ಕಣೇ, ನಾನು ಕೊಟ್ಟಿದ್ದು ತಪ್ಪು," ಎಂದಳು ಕೇತಿ.

ಕೊನೆಗೆ ಒಂದು ಬೆಳಿಗ್ಗೆ ಬಿದಿರ ಮೆಳೆಯ ದಾರಿಯಲ್ಲಿ ಹುಲಿಯವ್ವ ಕಂಡಳು. ಬೆನ್ನು ಈ ಕಡೆ, ಮರಿಗಳು ಮುಂದೆ. ಕೇತಿ ಎರಡೂ ಕಿವಿ ಹಿಡಿದುಕೊಂಡಳು. "ತಪ್ಪಾಯ್ತು ಕಣವ್ವ, ತಪ್ಪಾಯ್ತು," ಎಂದು ದಾರಿಯ ಮಣ್ಣಿನಲ್ಲಿ ಬಸ್ಕಿ ಹೊಡೆದಳು. ಒಂದು, ಹತ್ತು, ಲೆಕ್ಕ ತಪ್ಪುವವರೆಗೆ ಹೊಡೆದಳು.

ಆದರೆ ಹುಲಿಯವ್ವನಿಗೆ ಹೇಗೆ ಕಾಣಬೇಕು? ಬೆನ್ನಿಗೇನು ಕಣ್ಣಿದೆಯೇ?

ಕೇತಿಗೆ ಆ ಮಾತು ನೆನಪಾಯಿತು. ಎದ್ದು ಹಿಂದೆಯೇ ಓಡಿದಳು.

"ತಿರುಗಬೇಡ. ತಿರುಗು ಅಂತ ಕೇಳೋ ಮುಖ ನನಗಿಲ್ಲ. ಆದ್ರೆ ನನ್ನಂಥೋರು ಇನ್ನೂ ಬತ್ತಾರೆ ಕಣವ್ವ. ಅವರ ಎಲೆ ನಂಬಬೇಡ, ಗಾಳೀನೂ ನಂಬಬೇಡ. ಬೆನ್ನಿಗೆ ಎರಡು ಕಣ್ಣು ಇಡ್ತೀನಿ. ನೀನೇ ಎಣಿಸ್ಕೋ."

ಹುಲಿಯವ್ವ ನಿಂತಳು. ತಿರುಗಲಿಲ್ಲ. ನಿಂತಳು, ಅಷ್ಟೇ.

ಕೇತಿ ಸುಣ್ಣದ ಕಾಯಿ ಬಿಚ್ಚಿದಳು. ಹೆಬ್ಬೆರಳಿಗೆ ಹಸಿ ಸುಣ್ಣ ಹಚ್ಚಿಕೊಂಡು, ಒಂದು ಕಿವಿಯ ಹಿಂದೆ ಒತ್ತಿದಳು, ಇನ್ನೊಂದು ಕಿವಿಯ ಹಿಂದೆ ಒತ್ತಿದಳು. ಸುಣ್ಣ ಚುರುಗುಟ್ಟಿತು. ಹುಲಿಯವ್ವ ಮೈ ಕೊಡವಲಿಲ್ಲ. ಸುಮ್ಮನೆ ಒಂದು ಮರಿಯನ್ನು ಮೂತಿಯಿಂದ ಹಿಂದಕ್ಕೆ ತಳ್ಳಿದಳು, ಆಮೇಲೆ ಇನ್ನೊಂದನ್ನು. ಅವುಗಳ ಕಿವಿಗೂ ಕೇತಿ ಸುಣ್ಣ ಇಟ್ಟಳು. ನಾಲ್ಕು ಪುಟ್ಟ ಕಿವಿ.

ಇನ್ನೂ ಎರಡು ಕಿವಿಗೆ ಸುಣ್ಣ ಮಿಕ್ಕಿತ್ತು. ಅದು ಅವಳ ಬೆರಳಲ್ಲೇ ಒಣಗಿತು.

ಹುಲಿಯವ್ವ ಕ್ಷಮಿಸಿದಳೇ? ಗೊತ್ತಿಲ್ಲ ಕಂದ. ಮರಿಗಳನ್ನು ಮುಂದೆ ಮಾಡಿಕೊಂಡು ನಡೆದುಹೋದಳು. ಸೊಟ್ಟ ಬಾಲದ್ದಕ್ಕೆ ಯಾರಾದರೂ ಸುಣ್ಣ ಇಟ್ಟರೋ ಇಲ್ಲವೋ, ಅದೂ ಗೊತ್ತಿಲ್ಲ. ಕೇತಿ ಬದುಕಿರುವವರೆಗೂ ದಿನಾ ಬೆಳಿಗ್ಗೆ ಹೊಸ ಸುಣ್ಣ ಕಲಸಿಕೊಂಡು ಹೊಳೆಯ ದಂಡೆಗೆ ಹೋಗಿ ಆಚೆ ದಡ ನೋಡುತ್ತ ಕೂರುತ್ತಿದ್ದಳಂತೆ. ವೀಳ್ಯ ಹಾಕುವುದನ್ನು ಬಿಟ್ಟಿದ್ದಳು. ಸುಣ್ಣ ಮಾತ್ರ ಬಿಡಲಿಲ್ಲ.

ಅದಕ್ಕೇ ಇವತ್ತಿಗೂ ಹುಲಿ ನಮಗೆ ಬೆನ್ನು ಕೊಟ್ಟೇ ನಡೆಯುತ್ತದೆ, ಅದರ ಎರಡೂ ಕಿವಿಯ ಹಿಂದೆ ಕಪ್ಪಿನ ನಡುವೆ ಒಂದೊಂದು ಬಿಳಿ ಬೊಟ್ಟು ಇರುತ್ತದೆ. ನಾಳೆ ನೀನು ಕಾಡಿಗೆ ಹೋಗಿ ಜೀಪಿನಲ್ಲಿ ಉಸಿರು ಬಿಗಿಹಿಡಿದು ಕೂತಿರುವಾಗ, ಹುಲಿ ದಾರಿ ದಾಟಿ ಹೋಗುತ್ತಿದ್ದರೆ, ಆ ಬೊಟ್ಟುಗಳು ನಿಮ್ಮನ್ನು ಎಣಿಸುತ್ತಿರುತ್ತವೆ. ಆಗ ಕೂಗಬೇಡ, ಕೈ ಚಾಚಬೇಡ. ಮೆಲ್ಲಗೆ ಒಂದು ಸಲ ನಿನ್ನ ಕಿವಿ ಹಿಡಿದುಕೋ. ಕೇತಿ ಹಿಡಿದುಕೊಂಡದ್ದು ಹುಲಿಯವ್ವನಿಗೆ ಕಾಣಲಿಲ್ಲ. ನೀನು ಹಿಡಿದುಕೊಂಡದ್ದು ಕಾಣುತ್ತದೆ.