ಯಮನಪ್ಪನ ಮುಖ

ಮಲಪ್ರಭೆಯ ದಂಡೆಗೆ ಒಂದು ಮಠ. ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಮತ್ತೆ ಒಂದು ಪೆಟ್ಟಿಗೆ ತುಂಬ ಸಿಪಾಯಿಗಳು.

ಹಿಂದೆ ದೊಡ್ಡ ಯುದ್ಧ ನಡೆದಾಗ ಸುತ್ತಲ ಹಳ್ಳಿಗಳ ಗಂಡಸರು ಪಲ್ಟನ್ನು ಸೇರಿ ಸಮುದ್ರ ದಾಟಿ ಹೋದರು. ಹೋಗುವ ಮುಂಚೆ ಪೇಟೆಯಲ್ಲಿ ಫೋಟೋ ತೆಗೆಸಿ ಒಂದನ್ನು ಮನೆಗೆ, ಇನ್ನೊಂದನ್ನು ಮಠಕ್ಕೆ ಕೊಟ್ಟರು. ಅವರು ಅಲ್ಲಿಂದ ಬರೆದ ಕಾಗದ, ಸತ್ತವರ ಜೇಬಿನಲ್ಲಿ ಸಿಕ್ಕ ಪುಸ್ತಕ, ಎಲ್ಲವೂ ಕೊನೆಗೆ ಮಠಕ್ಕೇ ಬಂದವು. ತಿರುಗಿ ಬಂದವರು ತಮ್ಮ ಮುಖವನ್ನು ತಾವೇ ಬಂದು ಒಯ್ದರು. ನಲವತ್ತೊಂದು ಮಂದಿ ಪೆಟ್ಟಿಗೆಯಲ್ಲೇ ಉಳಿದರು.

ಅವರನ್ನು ಕಾಪಾಡುವುದು ಕಷ್ಟದ ಕೆಲಸವೇನಲ್ಲ. ವರ್ಷಕ್ಕೊಮ್ಮೆ, ಮಾಘದ ಒಣ ಹವೆಯಲ್ಲಿ, ಒಬ್ಬೊಬ್ಬರ ಫೋಟೋ, ಕಾಗದಗಳ ಗಂಟನ್ನು ಒಂದೊಂದಾಗಿ ಬಿಚ್ಚಿ ಪಡಸಾಲೆಯಲ್ಲಿ ಹರಡಬೇಕು. ಮೆತ್ತನೆಯ ಬಟ್ಟೆಯಿಂದ ಮುಖ ಒರೆಸಬೇಕು, ಹಾಳೆ ಹಾಳೆಗೂ ಗಾಳಿ ತೋರಿಸಬೇಕು. ಹುಳ ಬೀಳದ ಹಾಗೆ ಹೊಸ ಬಜೆ ಬೇರು ಇಟ್ಟು ಕೆಂಪು ಬಟ್ಟೆಯಲ್ಲಿ ಕಟ್ಟಬೇಕು. ಒಬ್ಬರನ್ನೂ ಬಿಡಬಾರದು, ಅಷ್ಟೇ ನೇಮ.

ಗುರು ಅಡವಯ್ಯ ಅಜ್ಜಾರು ನಲವತ್ತು ವರ್ಷ ಈ ನೇಮ ನಡೆಸಿದರು. ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸ ಶಿಷ್ಯ ಮುರಿಗೆಪ್ಪನ ಪಾಲಿಗೆ ಬಂತು.

ಮುರಿಗೆಪ್ಪ ಮೈಗಳ್ಳನಲ್ಲ. ಹೊಳೆಯಿಂದ ನೀರು ಹೊರುತ್ತಿದ್ದ, ಅಡುಗೆ ಮಾಡುತ್ತಿದ್ದ, ಹಾವು ಬಂದರೆ ಕೋಲಿನಲ್ಲಿ ಎತ್ತಿ ಆಚೆ ಬಿಟ್ಟು ಬರುತ್ತಿದ್ದ. ಅಂಥವನಿಗೆ ಗಂಟು ಬಿದ್ದವನು ಆ ನಲವತ್ತೊಂದು ಮಂದಿಯಲ್ಲಿ ಒಬ್ಬ, ಯಮನಪ್ಪ.

ಮೊದಲ ವರ್ಷ ಯಮನಪ್ಪನ ಗಂಟು ಬಿಚ್ಚಿದಾಗಲೇ ಮುರಿಗೆಪ್ಪನ ಕೈ ನಿಂತುಹೋಯಿತು. ಉಳಿದ ಸಿಪಾಯಿಗಳೆಲ್ಲ ಮೀಸೆ ತಿರುವಿ, ಎದೆ ಸೆಟೆಸಿ ಕೂತಿದ್ದರು. ಇವನೊಬ್ಬ ಕಣ್ಣು ಅಗಲಿಸಿ, ನೋಡುವವನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ನೋಡುತ್ತಿದ್ದ. ಮುರಿಗೆಪ್ಪ ಹಿಂದೆ ತಿರುಗಿಯೂ ನೋಡಿದ. ಬರೀ ಗೋಡೆ ಇತ್ತು.

ಜೊತೆಗಿದ್ದ ಸಣ್ಣ ಪುಸ್ತಕ ತೆರೆದ. ಪೆನ್ಸಿಲಿನ ಅಕ್ಷರ. ಪ್ರತಿ ಹಾಳೆಗೂ ತಾರೀಖು ಬೇರೆ, ಮಾತು ಒಂದೇ.

"ಇವತ್ತೂ ಅಂಜಿಕಿ ಆತು. ಯಾರ ಮುಂದೂ ಹೇಳಲಿಲ್ಲ."

ಆ ದಿನ ಮುರಿಗೆಪ್ಪನಿಗೆ ಊಟ ಸೇರಲಿಲ್ಲ. ಬಂದೂಕು ಹಿಡಿದವನೇ ಹೀಗೆ ಹೆದರಿದರೆ ನನ್ನಂಥವನ ಗತಿ ಏನು ಎಂಬ ಯೋಚನೆ ಹೊಕ್ಕಿತು. ಹೊಳೆಗೆ ಹೋದರೂ, ಪೂಜೆಗೆ ಕೂತರೂ ಆ ಕಣ್ಣು ಬೆನ್ನು ಬಿಡಲಿಲ್ಲ.

ಮರುವರ್ಷ ಆ ಗಂಟನ್ನು ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ತಳ್ಳಿದ. ಅದರ ಮುಂದಿನ ವರ್ಷವೂ ಹಾಗೇ ಮಾಡಿದ. ಮೂರನೆಯ ಸಲ ಕೈಗೆ ತಾಕಿದ್ದಕ್ಕೇ ಬೆಚ್ಚಿ ಕೈ ಹಿಂದಕ್ಕೆ ತೆಗೆದ.

"ಎಲ್ಲಾರೂ ಗಾಳಿ ಕಂಡಾರೇನೋ?" ಎಂದು ಅಜ್ಜಾರು ಪ್ರತಿ ವರ್ಷ ಕೇಳುತ್ತಿದ್ದರು.

"ಕಂಡಾರ್ರಿ ಅಜ್ಜಾರ," ಎನ್ನುತ್ತಿದ್ದ ಮುರಿಗೆಪ್ಪ. ಕಣ್ಣು ಕಾಣದವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭವೋ ಅಷ್ಟೇ ಹೀನ, ಅದು ಅವನಿಗೂ ಗೊತ್ತಿತ್ತು.

ಆ ಚಳಿಗಾಲ ಕಳೆಯುವಷ್ಟರಲ್ಲಿ ಮಠಕ್ಕೆ ಒಂದು ಕಾರ್ಡು ಬಂತು. ಯಮನಪ್ಪನ ತಂಗಿ ಬಾಳವ್ವ ಯಾರಿಂದಲೋ ಬರೆಸಿದ್ದಳು. ಮನೆಯಲ್ಲಿದ್ದ ಫೋಟೋ ಹೊಳೆ ಏರಿದ ವರ್ಷ ಕೊಚ್ಚಿಹೋಯಿತು. ಅಣ್ಣನ ಮುಖ ಒಮ್ಮೆ ನೋಡಬೇಕು. ಸೋಮವಾರ ಬರುತ್ತೇನೆ.

ಮುರಿಗೆಪ್ಪ ಕಾರ್ಡನ್ನು ಎರಡು ಸಲ ಓದಿದ. ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ತಳಕ್ಕೆ ಕೈ ಹಾಕಿದ. ಗಾಳಿ ಕಾಣದ ಗಂಟು ತೇವ ಹಿಡಿದಿತ್ತು. ಪುಸ್ತಕವನ್ನು ಹುಳಗಳು ತಿಂದು ಜರಡಿ ಮಾಡಿದ್ದವು. ಫೋಟೋ ಬಟ್ಟೆಗೆ ಅಂಟಿಕೊಂಡಿತ್ತು. ಉಸಿರು ಬಿಗಿಹಿಡಿದು ಬಿಡಿಸಿದ. ಬಟ್ಟೆಯ ಜೊತೆ ಮುಖವೂ ಕಿತ್ತು ಬಂತು.

ಟೋಪಿ ಉಳಿದಿತ್ತು, ಅಂಗಿಯ ಗುಂಡಿಗಳು ಉಳಿದಿದ್ದವು. ನಡುವೆ ಬಿಳಿ ಕಾಗದ.

ಹೆದರಿದವನಿಗೆ ಉಪಾಯ ಬೇಗ ಹೊಳೆಯುತ್ತದೆ. ಹೇಳುವವರು ಕೇಳುವವರು ಯಾರೂ ಇಲ್ಲದ ಇನ್ನೊಬ್ಬ ಸಿಪಾಯಿಯ ಫೋಟೋ ಪೆಟ್ಟಿಗೆಯಲ್ಲಿತ್ತು. ಅದೇ ವಯಸ್ಸು, ಅದೇ ಟೋಪಿ. ಅಣ್ಣ ಹೋದಾಗ ತಂಗಿಗೆ ಏಳು ವರ್ಷ, ಈಗ ಐವತ್ತು ದಾಟಿದೆ. ಅವಳಿಗೇನು ಗುರುತು ಸಿಕ್ಕೀತು? ಮುರಿಗೆಪ್ಪ ಅದನ್ನು ಹೊಸ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ.

ಸೋಮವಾರ ಮಧ್ಯಾಹ್ನ ಬಾಳವ್ವ ಬಂದಳು. ಅಜ್ಜಾರಿಗೆ ಅಡ್ಡಬಿದ್ದು ಪಡಸಾಲೆಯಲ್ಲಿ ಕೂತಳು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಫೋಟೋ ಹಿಡಿದಳು.

ಬಹಳ ಹೊತ್ತು ನೋಡಿದಳು. ಮುರಿಗೆಪ್ಪ ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದ.

"ಇಂವನ ಏನ್ರಿ ನಮ್ಮಣ್ಣ?"

"ಹೂಂರಿ ಯವ್ವಾ."

"ಕಣ್ಣು ಹುಲಿ ಕಣ್ಣಿನಂಗ ಅದಾವ," ಎಂದಳು. ಧ್ವನಿಯಲ್ಲಿ ಸಂತೋಷವಿರಲಿಲ್ಲ.

ಕಂಬಕ್ಕೆ ಒರಗಿದ್ದ ಅಜ್ಜಾರು ತಲೆ ಎತ್ತಿದರು. ಯಮನಪ್ಪನ ಮುಖವನ್ನು ಅವರು ನಲವತ್ತು ವರ್ಷ ಒರೆಸಿದ್ದರು.

"ಹುಲಿ ಕಣ್ಣೇನವ್ವಾ?"

"ಹೌದ್ರಿ ಅಜ್ಜಾರ. ಊರ ಮಂದೀನೂ ಹಿಂಗ ಅಂತಾರ, ಯಮನಪ್ಪ ನಕ್ಕೋತ ಹೋದ ಅಂತ. ಆದ್ರ ಹೋಗೋ ದಿನ ಮುಂಜಾನೆ ಹಿತ್ತಲದಾಗ ನನ್ನ ಮುಂದ ಕುಂತು, 'ಬಾಳೀ, ನನಗ ಅಂಜಿಕಿ ಬರಾಕ ಹತ್ತೇತಿ' ಅಂದಿದ್ದ. ನಾ ಸಣ್ಣಾಕಿ. ಇಷ್ಟ ದೊಡ್ಡಾವಗ ಎಂಥಾ ಅಂಜಿಕಿ ಅಂತ ನಕ್ಕಬಿಟ್ಟೆ."

ಅವಳು ಫೋಟೋದ ಅಂಚನ್ನು ಸೆರಗಿನಿಂದ ಒರೆಸಿದಳು.

"ಆಮ್ಯಾಲ ಅಂವ ಮನ್ಯಾಗ ಯಾರ ಮುಂದೂ ಏನೂ ಅನಲಿಲ್ಲ. ಸುಮ್ಮನ ಎದ್ದು ಹೋದ. ನಾ ನಕ್ಕಿದ್ದು ನನ್ನ ಎದ್ಯಾಗ ಹಂಗ ಕುಂತೇತಿ. ಒಮ್ಮೆ ಅವನ ಮುಖ ನೋಡಿ, ತಪ್ಪಾತು ಅಣ್ಣಾ ಅನ್ನಬೇಕಂತ ಬಂದೆ."

ಫೋಟೋ ಕೆಳಗಿಟ್ಟಳು.

"ಇಂವ ಅಂಜೇ ಇಲ್ಲ ನೋಡ್ರಿ. ಇಂವಗ ಏನಂತ ಹೇಳಲಿ? ನಂದ ಏನೋ ಭ್ರಮಿ ಇರಬೇಕು. ಬರ್ತೀನ್ರಿ, ಬಸ್ಸಿನ ಹೊತ್ತಾತು."

ಬಾಳವ್ವ ಎದ್ದು ಮೆಟ್ಟಿಲಿಳಿದು ಚಪ್ಪಲಿ ಹುಡುಕಿದಳು. ಅವಳು ಇನ್ನು ನಾಲ್ಕು ಹೆಜ್ಜೆ ನಡೆದಿದ್ದರೆ ಮುರಿಗೆಪ್ಪ ಪಾರಾಗುತ್ತಿದ್ದ.

"ಮುರಿಗೆಪ್ಪಾ," ಎಂದರು ಅಜ್ಜಾರು. ಅಷ್ಟೇ ಅಂದರು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು ಎಂದು ಮುರಿಗೆಪ್ಪನ ಮನಸ್ಸು ಹೇಳುತ್ತಿತ್ತು. ಆದರೆ ಅವಳು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದನ್ನು ಅವನಿಂದ ನೋಡಲಾಗಲಿಲ್ಲ. ನಲವತ್ತು ವರ್ಷ ಹೊತ್ತು ತಂದ ನಿಜವನ್ನು ಅವಳು ಭ್ರಮೆ ಎಂದು ಇಲ್ಲೇ ಚೆಲ್ಲಿ ಹೊರಟಿದ್ದಳು.

"ತಡೀರಿ ಯವ್ವಾ! ಅವರು ನಿಮ್ಮಣ್ಣ ಅಲ್ಲ."

ಬಾಳವ್ವ ನಿಂತಳು.

ಅವನು ಒಳಗೆ ಓಡಿಹೋಗಿ ಮುಖ ಕಿತ್ತುಹೋದ ಆ ಫೋಟೋ ತಂದು ಅವಳ ಕೈಯಲ್ಲಿಟ್ಟ.

"ಇದ ನಿಮ್ಮಣ್ಣಂದು. ಆ ಮುಖ ನೋಡಾಕ ನನಗ ಅಂಜಿಕಿ ಬಂತು. ಮೂರು ವರ್ಷ ಗಂಟು ಬಿಚ್ಚಲಿಲ್ಲ, ಅಜ್ಜಾರಿಗೆ ಸುಳ್ಳ ಹೇಳಿದೆ. ಈಗ ಮುಖ ಹೋಗೇತಿ. ನಿಮಗ ಬ್ಯಾರೇದವರನ್ನ ತೋರಿಸಿದೆ."

ಟೋಪಿಯ ಕೆಳಗಿನ ಬಿಳಿ ಜಾಗವನ್ನು ಅವಳು ಬೆರಳಿನಿಂದ ಮುಟ್ಟಿದಳು. ಬೈಯಲಿಲ್ಲ.

"ಅಂಜಿದ್ದನೇನೋ ಯಪ್ಪಾ? ನೀ ನೋಡೀದಿಯಲ್ಲ, ಹೇಳು. ಹೆಂಗಿದ್ದ?"

ಈ ಹೆಂಗಸು ಈಗ ಏನು ಮಾಡುತ್ತಾಳೆ, ಗುರು ಏನು ಮಾಡುತ್ತಾರೆ, ಇನ್ನು ಮಠದಲ್ಲಿ ಜಾಗವಿದೆಯೋ ಇಲ್ಲವೋ? ಮುರಿಗೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಅಜ್ಜಾರು ಕಂಬ ಹಿಡಿದು ಎದ್ದರು. ತಡವುತ್ತ ಬಂದು ಟವೆಲ್ಲು ಎಳೆದು ತೆಗೆದರು. ಅವನು ತಲೆ ತಗ್ಗಿಸಿದ. ಅವರು ಗದ್ದ ಹಿಡಿದು ಎತ್ತಿ, ಅಗಲವಾದ ಆ ಕಣ್ಣುಗಳನ್ನು ಬಾಳವ್ವನ ಕಡೆ ತಿರುಗಿಸಿದರು. ಗದ್ದದ ನಡುಕ ಅವರ ಬೆರಳಿಗೂ ಹತ್ತಿತ್ತು.

"ನಿಮ್ಮಣ್ಣ ಹಿಂಗ ಇದ್ದ, ಬಾಳವ್ವಾ. ಹೇಳಾಕ ಬಂದಿದ್ದನ್ನ ಹೇಳು."